ನೇಪಲ್ಸ್ ಬಂದರಿನಲ್ಲಿ ಒಂದು ಹಗಲು

ಮೆಡಿಟರೇನಿಯನ್ ಸುತ್ತುವ ವಿಹಾರದ ಹಡಗುಗಳು ನೇಪಲ್ಸ್‌ಗೆ ಸಾಮಾನ್ಯವಾಗಿ ಬೆಳಗಿನ ಹೊತ್ತು ಬಂದು ಸಂಜೆಗೆ ಹೊರಡುತ್ತವೆ. ಇಳಿಯುವ ಸಾಲು, ಮರಳಿ ಹಡಗು ಸೇರಬೇಕಾದ ಗಡುವು ಎರಡನ್ನೂ ಕಳೆದರೆ ಪ್ರಯಾಣಿಕರ ಕೈಗೆ ಉಳಿಯುವುದು ಆರೇಳು ಗಂಟೆ. ಆ ಆರೇಳು ಗಂಟೆಯಲ್ಲಿ ಏನು ನೋಡಬೇಕು ಎನ್ನುವುದಕ್ಕೆ ಹಡಗಿನವರು ಒಂದು ಪಟ್ಟಿ ಕೊಡುತ್ತಾರೆ. ಪಾಂಪೆಯ ಅವಶೇಷಗಳು, ವಿಸೂವಿಯಸ್ ಜ್ವಾಲಾಮುಖಿಯ ಬಾಯಿ, ಕಾಪ್ರಿ ದ್ವೀಪ ಮತ್ತು ಅದರ ನೀಲಿ ಗುಹೆ, ಸೊರೆಂಟೊ ಮತ್ತು ಅಮಾಲ್ಫಿಯ ಕಡಲಂಚಿನ ರಸ್ತೆ. ಇವುಗಳಲ್ಲಿ ಎರಡನ್ನು ಸೇರಿಸಿದ ಜೋಡಿ ಪ್ರವಾಸಗಳೂ ಇರುತ್ತವೆ. ನೇಪಲ್ಸ್ ನಗರ ಅನೇಕ ಸಲ ಕೊನೆಯ ಸಾಲಿನಲ್ಲಿ, ಅದೂ ಬಸ್ಸಿನ ಕಿಟಕಿಯಿಂದ ಕಾಣುವ ಊರಾಗಿ.

ಈ ಪಟ್ಟಿಯ ಮುಂದೆ ಕುಳಿತ ಕುಟುಂಬದಲ್ಲಿ ಒಮ್ಮತ ಮೂಡುವುದು ಅಪರೂಪ. ಒಬ್ಬರಿಗೆ ಇತಿಹಾಸ ಬೇಕು, ಒಬ್ಬರಿಗೆ ಸಮುದ್ರ, ಮತ್ತೊಬ್ಬರ ಮಂಡಿ ಬೆಟ್ಟಕ್ಕೆ ಒಪ್ಪುವುದಿಲ್ಲ. ಆದರೆ ಪಟ್ಟಿ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನಿಸರ್ಗವೇ ಜೋಡಿಸಿಟ್ಟಂತೆ ಕಾಣುವ ಅದರ ಒಂದೊಂದು ಸಾಲೂ ಒಂದೊಂದು ಕಾಲದಲ್ಲಿ, ಒಬ್ಬೊಬ್ಬರ ಆಸಕ್ತಿಗೋ ಲಾಭಕ್ಕೋ ಸೇರಿಕೊಂಡದ್ದು. ನಗರದ ಹೆಸರು ಕೆಳಕ್ಕೆ ಜಾರಿದ್ದಕ್ಕೂ ಕಾರಣಗಳಿವೆ. ಪಟ್ಟಿಯ ಚರಿತ್ರೆ ತಿಳಿದರೆ ಆಯ್ಕೆ ತುಸು ಸುಲಭವಾಗುತ್ತದೆ.

ವಾರಗಟ್ಟಲೆ ಉಳಿದವರ ಕಾಲ

ಹದಿನೆಂಟನೆಯ ಶತಮಾನದಲ್ಲಿ ಉತ್ತರ ಯುರೋಪಿನ ಶ್ರೀಮಂತ ಮನೆತನಗಳ ಹುಡುಗರು ವಿದ್ಯಾಭ್ಯಾಸದ ಕೊನೆಯ ಪಾಠವೆಂಬಂತೆ ಇಟಲಿಗೆ ಬರುತ್ತಿದ್ದರು. ವೆನಿಸ್, ಫ್ಲಾರೆನ್ಸ್, ರೋಮ್ ಮುಗಿಸಿ ಅವರು ನೇಪಲ್ಸ್ ತಲುಪುತ್ತಿದ್ದರು. ಬಹುತೇಕರಿಗೆ ಅದೇ ದಕ್ಷಿಣದ ಕೊನೆ. ಆಗ ನೇಪಲ್ಸ್ ಒಂದು ರಾಜ್ಯದ ರಾಜಧಾನಿ, ಯುರೋಪಿನ ದೊಡ್ಡ ನಗರಗಳಲ್ಲಿ ಒಂದು. 1737ರಲ್ಲಿ ಬಾಗಿಲು ತೆರೆದ ಸಾನ್ ಕಾರ್ಲೊ ಒಪೆರಾ ಮಂದಿರಕ್ಕೆ ಹೋಗದೆ ಊರು ಬಿಟ್ಟವರು ಕಡಿಮೆ. ಅಂದರೆ ಆಗಿನ ಪ್ರವಾಸಿಯ ಮೊದಲ ಗುರಿ ನಗರವೇ ಆಗಿತ್ತು.

ಅದೇ ಕಾಲದಲ್ಲಿ ನೆಲದಡಿಯ ಊರುಗಳು ಮೇಲೆದ್ದವು. ಕ್ರಿ.ಶ. 79ರಲ್ಲಿ ವಿಸೂವಿಯಸ್ ಉಗುಳಿದ ಬೂದಿ ಮತ್ತು ಕಲ್ಲಿನಡಿ ಹೂತುಹೋಗಿದ್ದ ಹರ್ಕ್ಯುಲೇನಿಯಂನಲ್ಲಿ 1738ರಲ್ಲೂ ಪಾಂಪೆಯಲ್ಲಿ 1748ರಲ್ಲೂ ಬೂರ್ಬನ್ ದೊರೆ ಚಾರ್ಲ್ಸ್ ಅಗೆತ ಆರಂಭಿಸಿದ. ಉದ್ದೇಶ ವಿಜ್ಞಾನಕ್ಕಿಂತ ಹೆಚ್ಚಾಗಿ ಅರಮನೆಗೆ ಶಿಲ್ಪ, ಚಿತ್ರಗಳನ್ನು ಸಂಗ್ರಹಿಸುವುದು. ಅಗೆದವರಿಗೆ ತಾವು ಅಗೆಯುತ್ತಿರುವ ಊರು ಪಾಂಪೆ ಎಂದು ಖಚಿತವಾಗಿದ್ದು 1763ರಲ್ಲಿ, ಒಂದು ಶಾಸನ ಸಿಕ್ಕ ಮೇಲೆ.

ಬೆಟ್ಟವೂ ಆಗ ಸುಮ್ಮನಿರಲಿಲ್ಲ. 1631ರ ಭೀಕರ ಸ್ಫೋಟದಿಂದ 1944ರವರೆಗೆ ವಿಸೂವಿಯಸ್ ಆಗಾಗ ಹೊಗೆ, ಬೆಂಕಿ ಕಾರುತ್ತಲೇ ಇತ್ತು. 1764ರಲ್ಲಿ ಬ್ರಿಟಿಷ್ ರಾಯಭಾರಿಯಾಗಿ ಬಂದ ವಿಲಿಯಂ ಹ್ಯಾಮಿಲ್ಟನ್ ಮತ್ತೆ ಮತ್ತೆ ಬೆಟ್ಟ ಹತ್ತಿ, ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳಿಸಿದ. ಆ ಬರಹಗಳನ್ನು ಬಣ್ಣದ ಚಿತ್ರಗಳ ಸಮೇತ 1776ರಲ್ಲಿ ಪುಸ್ತಕವಾಗಿ ತಂದ ಮೇಲೆ ಜ್ವಾಲಾಮುಖಿ ನೋಡುವುದು ವಿದ್ಯಾವಂತರ ಕರ್ತವ್ಯದಂತಾಯಿತು. 1787ರ ಫೆಬ್ರವರಿ ಕೊನೆಯಲ್ಲಿ ಜರ್ಮನ್ ಕವಿ ಗಯಟೆ ನೇಪಲ್ಸ್‌ಗೆ ಬಂದ. ಮೂರು ಸಲ ಬೆಟ್ಟ ಹತ್ತಿದ, ಪಾಂಪೆಗೆ ಹೋದ, ಬೀದಿಗಳಲ್ಲಿ ಅಲೆದ, ಸಿಸಿಲಿಗೆ ಹೋಗಿ ಮತ್ತೆ ಮರಳಿದ. ಊರು ಬಿಟ್ಟದ್ದು ಜೂನ್ ತಿಂಗಳಲ್ಲಿ. ಬೆಟ್ಟವೋ ಪಾಂಪೆಯೋ ಎಂದು ಯೋಚಿಸುವ ಅಗತ್ಯ ಅವನಿಗೆ ಬೀಳಲಿಲ್ಲ. ಇವತ್ತು ಮೋಡವಿದ್ದರೆ ನಾಳೆ ಹತ್ತಬಹುದಿತ್ತು.

ಸಿಸಿಲಿಯಿಂದ ಮರಳುವಾಗ ಗಯಟೆಗೆ ಕಾಪ್ರಿ ಕಂಡದ್ದು ಅಪಾಯದ ಬಂಡೆಯಾಗಿ. ಗಾಳಿ ಬಿದ್ದುಹೋಗಿ, ಅವನಿದ್ದ ಹಾಯಿಹಡಗು ಸೆಳೆತಕ್ಕೆ ಸಿಕ್ಕಿ ದ್ವೀಪದ ಬಂಡೆಗಳತ್ತ ತೇಲತೊಡಗಿತ್ತು. ಕಾಪ್ರಿ ಪ್ರವಾಸಿಗರ ಕನಸಾಗಲು ಇನ್ನೂ ನಲವತ್ತು ವರ್ಷ ಬೇಕಾಯಿತು. 1826ರ ಆಗಸ್ಟ್‌ನಲ್ಲಿ ಆಗಸ್ಟ್ ಕೋಪಿಶ್ ಎಂಬ ಜರ್ಮನ್ ಕವಿ ಚಿತ್ರಕಾರ ಗೆಳೆಯ ಅರ್ನ್ಸ್ಟ್ ಫ್ರೀಸ್ ಜೊತೆ ದ್ವೀಪಕ್ಕೆ ಬಂದ. ಹೋಟೆಲಿನ ಯಜಮಾನ ಜುಸೆಪ್ಪೆ ಪಗಾನೊ ಮತ್ತು ದೋಣಿಯವ ಆಂಜೆಲೊ ಫೆರಾರೊ ಅವರನ್ನು ಬಂಡೆಯ ಒಂದು ತಗ್ಗು ಬಿಲದ ಮೂಲಕ ಒಳಗೆ ಕರೆದೊಯ್ದರು. ನೀರಿನಡಿಯ ಇನ್ನೊಂದು ತೆರಪಿನಿಂದ ಬಿಸಿಲು ಒಳಬಂದು ಗುಹೆಯ ನೀರೆಲ್ಲ ನೀಲಿಯಾಗಿ ಹೊಳೆಯುತ್ತಿತ್ತು. ದ್ವೀಪದವರಿಗೆ ಆ ಜಾಗ ಮೊದಲೇ ಗೊತ್ತಿತ್ತು, ದೆವ್ವದ ಭಯಕ್ಕೆ ಅತ್ತ ಸುಳಿಯುತ್ತಿರಲಿಲ್ಲ, ಅಷ್ಟೆ. ರೋಮನ್ನರಿಗೂ ಗೊತ್ತಿತ್ತು, 1964ರಲ್ಲಿ ಗುಹೆಯ ತಳದಿಂದ ಅವರ ಕಾಲದ ಶಿಲ್ಪಗಳನ್ನು ಮೇಲೆತ್ತಲಾಯಿತು. ಆದರೂ ಗುಹೆಯನ್ನು ‘ಕಂಡುಹಿಡಿದ’ ಹೆಸರು ಕೋಪಿಶ್‌ನದಾಯಿತು. ಪಟ್ಟಿಗೆ ಒಂದು ಸಾಲು ಸೇರಿತು.

ಗಡಿಯಾರ ಬಂದ ಬಗೆ

1839ರ ಅಕ್ಟೋಬರ್ 3ರಂದು ಇಟಲಿಯ ಮೊಟ್ಟಮೊದಲ ರೈಲು ಓಡಿದ್ದು ನೇಪಲ್ಸ್‌ನಿಂದ ಪೋರ್ತಿಚಿಗೆ. ದೂರ ಏಳೂವರೆ ಕಿಲೋಮೀಟರಿನಷ್ಟು. ರಾಜನ ಬೇಸಿಗೆ ಅರಮನೆ ಇದ್ದದ್ದು ಅಲ್ಲಿ. ಕೆಲವೇ ವರ್ಷಗಳಲ್ಲಿ ಹಳಿ ಪಾಂಪೆಯನ್ನು ದಾಟಿ ಮುಂದೆ ಹೋಯಿತು. ಕುದುರೆಗಾಡಿಯಲ್ಲಿ ಇಡೀ ದಿನ ತಿನ್ನುತ್ತಿದ್ದ ಪಾಂಪೆ ಈಗ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮರಳಬಹುದಾದ ಜಾಗವಾಯಿತು. ಅಗೆತದ ಹೊಣೆ ಹೊತ್ತ ಜುಸೆಪ್ಪೆ ಫಿಯೊರೆಲ್ಲಿ ಊರನ್ನು ವಾರ್ಡು, ಬ್ಲಾಕು, ಮನೆ ನಂಬರುಗಳಾಗಿ ವಿಂಗಡಿಸಿದ. ಬೂದಿಯೊಳಗೆ ದೇಹಗಳು ಕರಗಿ ಉಳಿದ ಪೊಳ್ಳುಗಳಿಗೆ 1863ರಿಂದ ಪ್ಲಾಸ್ಟರ್ ಸುರಿದು ಸತ್ತವರ ಆಕಾರವನ್ನು ಹೊರತೆಗೆದ. ಇವತ್ತಿಗೂ ಪಾಂಪೆಯಲ್ಲಿ ಜನ ಗುಂಪುಗೂಡುವುದು ಆ ಆಕಾರಗಳ ಮುಂದೆಯೇ.

ಹಡಗಿನಲ್ಲಿ ಮನರಂಜನೆಗಾಗಿಯೇ ಬಂದ ಮೊದಲ ದೊಡ್ಡ ಅಮೆರಿಕನ್ ಗುಂಪು ‘ಕ್ವೇಕರ್ ಸಿಟಿ’ಯದು. 1867ರ ಜೂನ್‌ನಲ್ಲಿ ನ್ಯೂಯಾರ್ಕ್ ಬಿಟ್ಟ ಆ ಹಡಗಿನ ಟಿಕೆಟ್ ದರ 1,250 ಡಾಲರ್. ಪ್ರಯಾಣಿಕರಲ್ಲಿ ಮಾರ್ಕ್ ಟ್ವೇನ್ ಎಂಬ ಪತ್ರಕರ್ತನಿದ್ದ. ಅವನ ಗುಂಪು ಹಡಗನ್ನು ನೆಚ್ಚಿ ಕೂರದೆ, ಇಟಲಿಯೊಳಗೆ ಸುತ್ತಾಡಿ ರೋಮ್‌ನಿಂದ ರೈಲಿನಲ್ಲಿ ನೇಪಲ್ಸ್‌ಗೆ ಬಂತು. ಬಂದು ನೋಡಿದರೆ ಹಡಗು ಬಂದರಿನಲ್ಲೇ ಇದೆ, ಆದರೆ ರೋಗದ ಭಯಕ್ಕೆ ಅದನ್ನು ಕ್ವಾರಂಟೈನ್ ಮಾಡಿದ್ದಾರೆ. ಹಡಗಿನಲ್ಲೇ ಬಂದವರಿಗೆ ಎದುರಿಗೇ ಇದ್ದ ವಿಸೂವಿಯಸ್ ಕಾಣುತ್ತಿತ್ತು, ಕಾಲಿಡುವ ಹಾಗಿರಲಿಲ್ಲ. ಟ್ವೇನ್‌ನ ಗುಂಪು ದೋಣಿ ಮಾಡಿಕೊಂಡು ಹತ್ತಿರ ಹೋಗಿ, ಊರು ಎಷ್ಟು ಚೆನ್ನಾಗಿದೆ ಎಂದು ಬಣ್ಣಿಸಿ ಅವರ ಹೊಟ್ಟೆ ಉರಿಸುತ್ತಿತ್ತು. 1869ರಲ್ಲಿ ಬಂದ ಅವನ ಪ್ರವಾಸಕಥನದಲ್ಲಿ ವಿಸೂವಿಯಸ್, ನೀಲಿ ಗುಹೆ, ಪಾಂಪೆ ಮೂರೂ ಇವೆ. ಅಷ್ಟು ಹೊತ್ತಿಗೆ ಪಟ್ಟಿ ಇವತ್ತಿನ ರೂಪಕ್ಕೆ ಬಹುತೇಕ ಬಂದಿತ್ತು ಎನ್ನಬಹುದು.

1880ರ ಜೂನ್‌ನಲ್ಲಿ ವಿಸೂವಿಯಸ್‌ನ ಕಡಿದಾದ ತುದಿಗೆ ಹಗ್ಗದಿಂದ ಎಳೆಯುವ ರೈಲು ಬಂತು. ಇಂದಿಗೂ ಪ್ರಪಂಚವೆಲ್ಲ ಹಾಡುವ ‘ಫುನಿಕುಲಿ ಫುನಿಕುಲಾ’ ಹುಟ್ಟಿದ್ದು ಆ ರೈಲಿನ ಸಂಭ್ರಮದಲ್ಲೇ. ಆದರೆ ರೈಲು ಲಾಭ ತರಲಿಲ್ಲ. ದಶಕದ ಕೊನೆಗೆ ಅದನ್ನು ಕೊಂಡದ್ದು ಲಂಡನ್ನಿನ ಥಾಮಸ್ ಕುಕ್ ಕಂಪನಿ. ಪ್ರವಾಸಿಗರನ್ನು ಹೆಗಲ ಮೇಲೆ, ಕುರ್ಚಿಯಲ್ಲಿ, ಕತ್ತೆಯ ಬೆನ್ನ ಮೇಲೆ ಹೊತ್ತು ಬದುಕುತ್ತಿದ್ದ ಬೆಟ್ಟದ ಊರುಗಳ ಜನ ಕಂಪನಿಗೆ ಎದುರು ನಿಂತರು. ಬೆಟ್ಟ ಅವರದು, ಟಿಕೆಟ್ ಬೇರೆಯವರದು. ಈ ತಕರಾರು ಮುಂದೆ ಅನೇಕ ಬಂದರುಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಂಡಿದೆ.

ಈ ದಾರಿಯಲ್ಲಿ ಭಾರತೀಯರೂ ನಡೆದಿದ್ದಾರೆ. 1896ರ ಡಿಸೆಂಬರ್‌ನಲ್ಲಿ ಲಂಡನ್‌ನಿಂದ ತಾಯ್ನಾಡಿಗೆ ಹೊರಟ ಸ್ವಾಮಿ ವಿವೇಕಾನಂದರು ಸೇವಿಯರ್ ದಂಪತಿಯೊಡನೆ ನೇಪಲ್ಸ್‌ಗೆ ಬಂದು, ಹಡಗಿಗಾಗಿ ಕಾಯುತ್ತಿದ್ದ ದಿನಗಳಲ್ಲಿ ವಿಸೂವಿಯಸ್ ಮತ್ತು ಪಾಂಪೆ ನೋಡಿದರು. ಡಿಸೆಂಬರ್ 30ರಂದು ಹಡಗು ಹತ್ತಿ ಜನವರಿ 15ಕ್ಕೆ ಕೊಲಂಬೊ ತಲುಪಿದರು.

ಇವರೆಲ್ಲ ಎಲ್ಲಿಗೋ ಹೋಗುವ ದಾರಿಯಲ್ಲಿ ನೇಪಲ್ಸ್‌ನಲ್ಲಿ ಇಳಿದವರು, ಇಲ್ಲವೇ ತಿಂಗಳುಗಟ್ಟಲೆ ಪುರುಸೊತ್ತು ಇದ್ದವರು. ಹಡಗೇ ಮನೆ, ಬಂದರೇ ಅಂಗಳ ಎಂಬ ಈಗಿನ ಏರ್ಪಾಡಿಗೆ ಹಾದಿ ಹಾಕಿದ್ದು ಹ್ಯಾಂಬರ್ಗ್‌ನ ಆಲ್ಬರ್ಟ್ ಬಾಲಿನ್. ಅವನ ಕಂಪನಿಯ ದೊಡ್ಡ ಹಡಗುಗಳಿಗೆ ಚಳಿಗಾಲದ ಅಟ್ಲಾಂಟಿಕ್‌ನಲ್ಲಿ ಪ್ರಯಾಣಿಕರು ಸಿಗುತ್ತಿರಲಿಲ್ಲ. ಸುಮ್ಮನೆ ಕಟ್ಟಿಹಾಕಿದರೂ ಖರ್ಚು ತಪ್ಪದು. 1891ರ ಜನವರಿ 22ರಂದು ‘ಆಗಸ್ಟಾ ವಿಕ್ಟೋರಿಯಾ’ 241 ಪ್ರಯಾಣಿಕರೊಡನೆ ಕುಕ್ಸ್‌ಹಾಫನ್‌ನಿಂದ ಮೆಡಿಟರೇನಿಯನ್‌ಗೆ ಹೊರಟಿತು, ಎರಡು ತಿಂಗಳ ಒಳಗೆ ಮರಳಿತು. ಪ್ರತಿ ಬಂದರಿನಲ್ಲೂ ಇಳಿದು, ನೋಡಿ, ಮತ್ತೆ ಹಡಗಿನ ಹಾಸಿಗೆಗೆ. ಹೋಟೆಲ್ ಹುಡುಕುವ, ಪೆಟ್ಟಿಗೆ ಹೊರುವ ಕಷ್ಟ ತಪ್ಪಿತು. ಅದರ ಬೆಲೆಯನ್ನು ಪ್ರಯಾಣಿಕರು ಗಂಟೆಗಳ ರೂಪದಲ್ಲಿ ಕೊಟ್ಟರು. ದಡದ ಮೇಲಿನ ಹೊತ್ತು ಹಡಗಿನ ವೇಳಾಪಟ್ಟಿಗೆ ಕಟ್ಟುಬಿತ್ತು. ‘ಇವತ್ತು ಮೋಡ, ನಾಳೆ ಹತ್ತೋಣ’ ಎನ್ನುವ ಗಯಟೆಯ ಸೌಕರ್ಯ ಅಲ್ಲಿಗೆ ಮುಗಿಯಿತು. ವಾರಗಟ್ಟಲೆ ಉಳಿದವರು ಮಾಡಿದ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು.

ನಗರ ಯಾಕೆ ಕೆಳಗೆ ಜಾರಿತು

ನೇಪಲ್ಸ್ ನಗರಕ್ಕೆ ಏನಾಯಿತು? 1861ರಲ್ಲಿ ಇಟಲಿ ಒಂದಾದಾಗ ಅದು ರಾಜಧಾನಿಯ ಪಟ್ಟ ಕಳೆದುಕೊಂಡಿತು. 1884ರ ಕಾಲರಾ ನಗರದಲ್ಲಿ ಸುಮಾರು ಏಳು ಸಾವಿರ ಜನರನ್ನು ಕೊಂದಿತು. ಬಂದರಿನ ಹಿಂದಿನ ಕಿರುಗಲ್ಲಿಗಳಲ್ಲಿ, ಗಾಳಿ ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ ಜನ ಹೇಗೆ ಬದುಕುತ್ತಿದ್ದರು ಎಂಬುದನ್ನು ಪತ್ರಕರ್ತೆ ಮತಿಲ್ದೆ ಸೆರಾವೊ ಅದೇ ವರ್ಷ ಬರೆದ ‘ನೇಪಲ್ಸ್‌ನ ಹೊಟ್ಟೆ’ ಎಂಬ ಪುಸ್ತಕದಲ್ಲಿ ದಾಖಲಿಸಿದರು. ಮರುವರ್ಷ ಸರ್ಕಾರ ಕಾನೂನು ಮಾಡಿ ಆ ಕೇರಿಗಳ ನಡುವೆ ಅಗಲ ರಸ್ತೆ ಕೊರೆಯಿತು. ಈಗ ಬಂದರಿನ ಸಮೀಪದಿಂದ ರೈಲು ನಿಲ್ದಾಣದ ಕಡೆಗೆ ನೇರ ಹೋಗುವ ಕೊರ್ಸೊ ಉಂಬೆರ್ತೊ ಆ ರಸ್ತೆ. ಎರಡೂ ಬದಿಯ ಭವ್ಯ ಕಟ್ಟಡಗಳ ಹಿಂದೆ ಹಳೆಯ ಗಲ್ಲಿಗಳು ಉಳಿದುಕೊಂಡಿವೆ. 1911ರಲ್ಲಿ ಕಾಲರಾ ಮತ್ತೆ ಬಂತು. ಆ ವರ್ಷ ಇಟಲಿಯ ಏಕೀಕರಣಕ್ಕೆ 50 ತುಂಬಿದ ಸಂಭ್ರಮ. ಪ್ರವಾಸಿಗರು, ಹಡಗುಗಳು ನಿಂತುಹೋದರೆ ನಷ್ಟ. ಸರ್ಕಾರ ರೋಗವನ್ನೇ ಮುಚ್ಚಿಟ್ಟಿತು.

ನಗರವೆಂದರೆ ರೋಗ, ಕಳ್ಳತನ, ಕೊಳಕು. ಸೌಂದರ್ಯವೆಲ್ಲ ಹೊರಗೆ ಎನ್ನುವ ಭಾವನೆ ಆ ಹೊತ್ತಿಗೆ ಬೇರೂರಿತು. ಇಳಿದ ಕೂಡಲೇ ಊರು ದಾಟಿ ಹೋಗುವುದೇ ಜಾಣತನ ಎಂದಾಯಿತು. ಇನ್ನೊಂದು ವಿಪರ್ಯಾಸ ಅದೇ ಬಂದರಿನಲ್ಲಿ ನಡೆಯುತ್ತಿತ್ತು. 1876ರಿಂದ 1915ರವರೆಗೆ ಸುಮಾರು 1.4 ಕೋಟಿ ಇಟಾಲಿಯನ್ನರು ದುಡಿಮೆ ಹುಡುಕಿ ದೇಶ ಬಿಟ್ಟರು. ದಕ್ಷಿಣದ ರೈತ ಕುಟುಂಬಗಳಿಗೆ ಅಮೆರಿಕದ ಬಾಗಿಲು ನೇಪಲ್ಸ್ ಬಂದರು. ಒಂದು ಹಡಗಿನಿಂದ ಇಳಿದವರು ವಿಸೂವಿಯಸ್‌ನ ರೈಲು ಹತ್ತಲು ಹೋಗುವಾಗ, ಇನ್ನೊಂದರ ಮುಂದೆ ಗಂಟುಮೂಟೆಯೊಡನೆ ಕುಳಿತವರು ಆ ಬೆಟ್ಟವನ್ನು ಬಹುಶಃ ಕೊನೆಯ ಸಲ ನೋಡುತ್ತಿದ್ದರು. ಈಗಿನ ವಿಹಾರದ ಹಡಗುಗಳು ನಿಲ್ಲುವ ‘ಸ್ತಾತ್ಸಿಯೋನೆ ಮರಿತ್ತಿಮಾ’ ಎಂಬ ದೊಡ್ಡ ಕಟ್ಟಡ 1930ರ ದಶಕದ್ದು.

ಆ ಕಟ್ಟಡದಿಂದ ಹೊರಬಂದು ನಿಂತರೆ ಎದುರಿಗೇ ಕಾಣುವುದು 1279ರಲ್ಲಿ ಕಟ್ಟಲು ತೊಡಗಿದ ಕೋಟೆ. ಈ ಅನುಕೂಲ ಇಟಲಿಯ ಎಲ್ಲ ಬಂದರುಗಳಲ್ಲಿ ಇಲ್ಲ. ‘ರೋಮ್’ ಎಂದು ಹಡಗಿನವರು ಬರೆಯುವ ಚಿವಿತಾವೆಕ್ಯ ಬಂದರಿನಿಂದ ರೋಮ್ ನಗರಕ್ಕೆ 70 ಕಿಲೋಮೀಟರಿಗೂ ಹೆಚ್ಚು ದೂರ. ‘ಫ್ಲಾರೆನ್ಸ್’ ಎಂದು ಬರೆಯುವ ಲಿವೋರ್ನೊದಿಂದ ಫ್ಲಾರೆನ್ಸ್‌ಗೆ ಇನ್ನೂ ದೂರ. ಅಲ್ಲಿ ಬಸ್ಸೋ ರೈಲೋ ಹತ್ತದೆ ವಿಧಿಯಿಲ್ಲ. ನೇಪಲ್ಸ್‌ನಲ್ಲಿ ಹಡಗಿನ ಏಣಿ ಇಳಿದರೆ ಊರಿನ ನಟ್ಟನಡುವೆಯೇ ಕಾಲಿಟ್ಟಂತೆ. ಇಷ್ಟು ಹತ್ತಿರವಿರುವ ನಗರವನ್ನೇ ಜನ ಬಿಟ್ಟು ಹೋಗುತ್ತಾರೆ.

ಇಕ್ಕೇರಿಯಿಂದ ಬಂದ ಕಾಗದ

ನೇಪಲ್ಸ್‌ಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. ರೋಮ್‌ನ ಪಿಯೆತ್ರೊ ದೆಲ್ಲಾ ವಾಲ್ಲೆ 1614ರಲ್ಲಿ ವೆನಿಸ್‌ನಿಂದ ಪೂರ್ವಕ್ಕೆ ಹೊರಟವನು, ತುರ್ಕಿ, ಪರ್ಷಿಯಾ ಸುತ್ತಿ 1623ರಲ್ಲಿ ಭಾರತಕ್ಕೆ ಬಂದ. ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ಆಮೇಲೆ ಮಂಗಳೂರಿಗೆ ಇಳಿದು ಉಳ್ಳಾಲದ ರಾಣಿಯನ್ನು ಭೇಟಿಯಾದ. ಅವಳು ಬರಿಗಾಲಿನಲ್ಲಿ ನಿಂತು ನೀರಾವರಿಯ ಕಾಲುವೆ ಕೆಲಸ ನೋಡುತ್ತಿದ್ದ ಚಿತ್ರ ಅವನ ಬರಹದಿಂದಲೇ ನಮಗೆ ಸಿಕ್ಕಿದ್ದು. ಈ ಪ್ರವಾಸವನ್ನೆಲ್ಲ ಅವನು ಕಾಗದಗಳಾಗಿ ಬರೆದದ್ದು ಗೆಳೆಯ ಮಾರಿಯೊ ಸ್ಕಿಪಾನೊಗೆ. ಸ್ಕಿಪಾನೊ ನೇಪಲ್ಸ್‌ನ ವೈದ್ಯ. ಹದಿನೇಳನೆಯ ಶತಮಾನದ ಇಕ್ಕೇರಿಯ ಅತ್ಯಂತ ಜೀವಂತ ಚಿತ್ರಗಳಲ್ಲಿ ಒಂದು ವಿಳಾಸ ಹಿಡಿದು ಹೊರಟದ್ದು ಈ ಬಂದರಿನ ಊರಿಗೆ.

ಆ ಕಾಗದಗಳಲ್ಲಿ ಜನ ಮತ್ತೆ ಮತ್ತೆ ನೆನೆಯುವ ಭಾಗದಲ್ಲಿ ಅರಮನೆಯಾಗಲಿ ದರ್ಬಾರಾಗಲಿ ಇಲ್ಲ. ಗುಡಿಯ ಪಡಸಾಲೆಯಲ್ಲಿ ಕುಳಿತ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದರು. ದೆಲ್ಲಾ ವಾಲ್ಲೆ ಅವರನ್ನು ಮಾತನಾಡಿಸಿ, ಅವರು ಕಲಿಯುವ ಬಗೆಯನ್ನು ವಿವರವಾಗಿ ಬರೆದುಕೊಂಡ. ಅಂದು ಅವನಿಗೆ ಸಂಜೆಯೊಳಗೆ ಮರಳಬೇಕಾದ ಹಡಗಿರಲಿಲ್ಲ.

ಇನ್ನೊಂದು ನಂಟು ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂನಲ್ಲಿದೆ. 1938ರಲ್ಲಿ ಪಾಂಪೆಯ ಒಂದು ಮನೆಯ ಅಗೆತದಲ್ಲಿ ಅಮೆದಿಯೊ ಮಯೂರಿ ಅವರಿಗೆ ಒಂದು ಗೇಣಿಗಿಂತ ತುಸು ಎತ್ತರದ ದಂತದ ಹೆಣ್ಣು ಮೂರ್ತಿ ಸಿಕ್ಕಿತು. ಕೊರಳು, ತೋಳು, ಸೊಂಟದ ತುಂಬ ಆಭರಣ, ಎರಡೂ ಬದಿಯಲ್ಲಿ ಪುಟ್ಟ ಸೇವಕಿಯರು. ಭಾರತದಿಂದ ಬಂದ ಇದನ್ನು ಮೊದಲು ಲಕ್ಷ್ಮಿ ಎಂದರು, ಈಗ ಯಕ್ಷಿ ಇರಬೇಕೆಂಬ ಅಭಿಪ್ರಾಯವೇ ಹೆಚ್ಚು. ಇದನ್ನು ಹೋಲುವ ದಂತದ ಕೆತ್ತನೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲಿ ಸಿಕ್ಕಿವೆ. ಕ್ರಿ.ಶ. 79ರ ಬೂದಿ ಬೀಳುವ ಮೊದಲೇ ದಖ್ಖನ್ನಿನ ಕಡೆಯ ಕೈಕೆಲಸ ಈ ಕೊಲ್ಲಿಯ ದಡ ಸೇರಿತ್ತು. ಪಾಂಪೆ ನೋಡಲು ಹೋದವರಿಗೆ ಅದು ಪಾಂಪೆಯಲ್ಲಿ ಸಿಗುವುದಿಲ್ಲ. ಅಲ್ಲಿನ ಹೆಸರಾಂತ ಚಿತ್ರ, ಮೊಸಾಯಿಕ್‌ಗಳಲ್ಲಿ ಹಲವು ಇರುವುದೂ ಈ ಮ್ಯೂಸಿಯಂನಲ್ಲೇ. ಹಡಗುಕಟ್ಟೆಯಿಂದ ಅದು ಸುಮಾರು ಎರಡು ಕಿಲೋಮೀಟರು.

ಆರೇಳು ಗಂಟೆಯ ಲೆಕ್ಕ

ಹಾಗಾದರೆ ಏನು ಆರಿಸಬೇಕು? ಮೊದಲನೆಯದು ಪಟ್ಟಿಯ ಜೋಡಿ ಪ್ರವಾಸಗಳ ಮಾತು. ಪಾಂಪೆಯೊಂದೇ 60 ಹೆಕ್ಟೇರಿಗೂ ಮಿಕ್ಕ ಊರು, ಅದರ ಮೂರನೇ ಎರಡರಷ್ಟು ಭಾಗ ಅಗೆದಿದ್ದಾರೆ. ಕಲ್ಲು ಹಾಸಿದ ಬೀದಿ, ನೆರಳು ಕಡಿಮೆ. ಅದನ್ನೂ ಬೆಟ್ಟವನ್ನೂ ಒಂದೇ ಹಗಲಿಗೆ ತುರುಕಿದರೆ ಬಸ್ಸಿನ ಸೀಟೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ವಿಸೂವಿಯಸ್‌ನ ಹಗ್ಗದ ರೈಲು 1944ರ ಸ್ಫೋಟದಲ್ಲಿ ಹಾಳಾಯಿತು. ಈಗ ವಾಹನ ಸಾವಿರ ಮೀಟರ್ ಎತ್ತರದ ಸುತ್ತಮುತ್ತ ನಿಲ್ಲುತ್ತದೆ, ಉಳಿದದ್ದನ್ನು ಸಡಿಲ ಬೂದಿಯ ಹಾದಿಯಲ್ಲಿ ನಡೆಯಬೇಕು. ಪುರಾತನ ಊರೇ ಬೇಕು, ಕಾಲು ಮಾತ್ರ ಸಹಕರಿಸದು ಎನ್ನುವವರಿಗೆ ಹರ್ಕ್ಯುಲೇನಿಯಂ ಒಳ್ಳೆಯದು. ಪಾಂಪೆಗಿಂತ ಹತ್ತಿರ, ಬಹಳ ಚಿಕ್ಕದು. ಅಲ್ಲಿ ಮರದ ತೊಲೆ, ಬಾಗಿಲುಗಳು ಕೂಡ ಕರಿಕಲಾಗಿ ಉಳಿದಿವೆ. ಎರಡಕ್ಕೂ ಚಿರ್ಕುಂವೆಸುವಿಯಾನಾ ಎಂಬ ಲೋಕಲ್ ರೈಲು ಇದೆ. ಮುಂಬೈ ಲೋಕಲ್ ಹತ್ತಿ ಪಳಗಿದವರಿಗೆ ಅದರ ನೂಕುನುಗ್ಗಲು ಹೊಸದೆನಿಸದು.

ಕಾಪ್ರಿಗೆ ಹೋಗುವ ವೇಗದ ದೋಣಿ ಹಡಗುಕಟ್ಟೆಯ ಪಕ್ಕದಿಂದಲೇ ಹೊರಡುತ್ತದೆ. ಆದರೆ ನೀಲಿ ಗುಹೆಯ ಬಾಯಿ ನೀರಿನಿಂದ ಒಂದು ಮೀಟರಿನಷ್ಟೇ ಎತ್ತರ. ದೋಣಿಯಲ್ಲಿ ಮಲಗಿ ಒಳಹೋಗಬೇಕು. ಅಲೆ ಎದ್ದ ದಿನ ಪ್ರವೇಶವಿಲ್ಲ. ಒಂದೇ ಹಗಲು ಇದ್ದವರಿಗೆ ಅದು ಜೂಜಿನ ಹಾಗೆ.

ಹಡಗಿನವರ ಪ್ರವಾಸವೋ ಸ್ವಂತ ಪ್ರವಾಸವೋ ಎಂಬ ಪ್ರಶ್ನೆಗೆ ಉತ್ತರ ಗಡಿಯಾರದಲ್ಲಿದೆ. ತಮ್ಮದೇ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ಹಾಗಾಗಿ ದೂರದ ಅಮಾಲ್ಫಿಯಂಥ ಕಡೆಗೆ, ಒಂದೇ ರಸ್ತೆಯ ಊರುಗಳಿಗೆ, ಹಡಗಿನ ಪ್ರವಾಸ ನೆಮ್ಮದಿ. ನಡೆದು ಮರಳಬಹುದಾದ ಊರಿಗೆ ಆ ವಿಮೆ ಬೇಕಿಲ್ಲ.

ಆಯ್ಕೆಯ ಇನ್ನೊಂದು ತುದಿ ಆತಿಥೇಯರ ಕೈಯಲ್ಲಿದೆ, ಈಚೆಗೆ ಅವರೂ ಮಾತಾಡತೊಡಗಿದ್ದಾರೆ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ವೆನಿಸ್‌ನ ಸಾನ್ ಮಾರ್ಕೊ ಚೌಕದ ಎದುರಿನ ಕಾಲುವೆಗೆ ಬರುವಂತಿಲ್ಲ. ಪಾಂಪೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ ಎಂದು ಮಿತಿ ಹಾಕಿ, ಟಿಕೆಟ್ಟಿನ ಮೇಲೆ ಹೆಸರು ಬರೆಯಿಸತೊಡಗಿತು. ಒಂದೇ ಬೆಳಿಗ್ಗೆ ಒಂದೇ ಗೇಟಿಗೆ ಹತ್ತಾರು ಬಸ್ಸು ಬಂದು ನಿಲ್ಲುವುದು ಆ ಊರಿಗೂ ಭಾರ, ಬಂದವರಿಗೂ ಸುಖವಲ್ಲ.

ಪಾಂಪೆ ನೋಡಲೇಬೇಕೆಂದು ಚಿಕ್ಕಂದಿನಿಂದ ಆಸೆಪಟ್ಟವರು ಪಾಂಪೆಗೇ ಹೋಗಬೇಕು, ಆ ದಿನ ಬೇರೇನೂ ಬೇಡ. ಅಂಥ ಹಟ ಇಲ್ಲದವರು ಹಡಗಿನ ಏಣಿ ಇಳಿದು, 1536ರಲ್ಲಿ ಸ್ಪ್ಯಾನಿಷ್ ವೈಸ್‌ರಾಯ್ ಹಾಕಿಸಿದ ತೊಲೆದೊ ಬೀದಿಯಲ್ಲಿ ಮೇಲಕ್ಕೆ ನಡೆದರೆ ಸಾಕು. ಬಲಕ್ಕೆ ತಿರುಗಿದರೆ ಗ್ರೀಕರು ಎಳೆದ ಗೆರೆಯ ಮೇಲೆಯೇ ಇಂದಿಗೂ ನೇರ ಹೋಗುವ ಹಳೆಯ ಊರಿನ ಓಣಿ. ನೇರ ಹೋದರೆ ಮ್ಯೂಸಿಯಂ. ಮಂಗಳವಾರ ಅದಕ್ಕೆ ರಜೆ ಎಂಬುದೊಂದು ನೆನಪಿರಲಿ.

ಸಂಜೆ ಹಡಗು ದಕ್ಷಿಣಕ್ಕೆ ಹೊರಟಾಗ ಎಡಗಡೆ ವಿಸೂವಿಯಸ್ ನಿಧಾನವಾಗಿ ಹಿಂದೆ ಸರಿಯುತ್ತದೆ. ಆಮೇಲೆ ಸೊರೆಂಟೊದ ದಡದ ದೀಪಗಳು, ಮುಂದೆ ಕಾಪ್ರಿಯ ಕಪ್ಪು ಬಂಡೆ. ಪಟ್ಟಿಯ ಅರ್ಧದಷ್ಟು ಸಾಲುಗಳು ಟಿಕೆಟ್ ಇಲ್ಲದೆ, ಕಾಫಿ ಲೋಟ ಕೈಯಲ್ಲಿರುವಾಗಲೇ ಡೆಕ್‌ನ ಪಕ್ಕದಲ್ಲಿ ಹಾದುಹೋಗುತ್ತವೆ. ಓಣಿಯಲ್ಲಿ ಒಣಗಲು ಹಾಕಿದ ಬಟ್ಟೆ, ಮ್ಯೂಸಿಯಂನ ದಂತದ ಯಕ್ಷಿ ಮಾತ್ರ ಅಲ್ಲಿಂದ ಕಾಣುವುದಿಲ್ಲ.